ಗಿರಣಿ ಕಾಕಾನ ಪಕ್ಷನಿಷ್ಠೆ

ಗಿರಣಿ ಕಾಕಾ ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ತಿಳಿಸಿದವಳು ಸುಜಾತಾ. ಹೇಳುತ್ತ ಹೇಳುತ್ತ ಅತ್ತಳು. ಆಕೆ ಅವರ ಸಂಬಂಧಿಕಳಲ್ಲ, ಅವರ ಓಣಿಯವಳೂ ಅಲ್ಲ. ರಾಜಕೀಯದ ಲೆಕ್ಕದಲ್ಲಿ ಇಬ್ಬರೂ ಎದುರಾಳಿಗಳು. ಆಕೆ ಚುನಾವಣೆಗೆ ನಿಂತಾಗ ಆಕೆಯನ್ನು ಸೋಲಿಸಲೇಬೇಕೆಂದು ಮನೆಮನೆ ತಿರುಗಿ ಗಂಟಲು ಹರಿದುಕೊಂಡ ಮನುಷ್ಯ ಕಾಕಾ. ಅಂಥವರಿಗಾಗಿ ಆಕೆ ಅಳುತ್ತಿದ್ದುದು ಬೇರೆಯವರಿಗೆ ವಿಚಿತ್ರ ಅನ್ನಿಸಬಹುದು. ಎಂಬತ್ತರ ದಶಕದ ಬಹುಪಾಲನ್ನು ಆ ಊರಿನ ಶಾಲೆಯಲ್ಲಿ ಶಿಕ್ಷಕಿಯಾಗಿ ಕಳೆದ ನನಗೆ ಅನ್ನಿಸಲಿಲ್ಲ.

ಗುಡಗೇರಿ ಸ್ಟೇಷನ್ನಿನಲ್ಲಿ ಇಳಿದು, ಕಪ್ಪು ಎರಿಮಣ್ಣಿನ ಹೊಲಗಳ ನಡುವಿನ ಗಾಡಿದಾರಿ ಹಿಡಿದರೆ ಆ ಊರು. ಮಳೆ ಬಿದ್ದ ದಿನ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆಯಬೇಕು. ನನಗೆ ಬಾಡಿಗೆಗೆ ಸಿಕ್ಕ ಖೋಲಿ ಹಿಟ್ಟಿನ ಗಿರಣಿಯ ಹಿಂದಿತ್ತು. ಮೊದಲನೆಯ ದಿನ ಬೆಳಿಗ್ಗೆ ಯಾರೋ ಯಾರನ್ನೋ ಹೊಡೆಯಲು ಹೊರಟಂಥ ದನಿ ಕೇಳಿ ಗಾಬರಿಯಿಂದ ಹೊರಗೆ ಬಂದೆ. ನೋಡಿದರೆ ಗಿರಣಿಯ ಮಾಲೀಕರು ಹೆಂಡತಿಗೆ ಚಹಾ ಕೇಳುತ್ತಿದ್ದರು. ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ದನಿಯೇ ಹಾಗಾಗಿತ್ತು. ಗಿರಣಿ ನಿಂತರೂ ದನಿ ಇಳಿಯುತ್ತಿರಲಿಲ್ಲ. ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬಿಳಿ. ದಿನಾ ಲಿಂಗಪೂಜೆ ಮಾಡಿ ವಿಭೂತಿ ಹಚ್ಚಿಕೊಳ್ಳುವ ಮನೆತನ ಅವರದು. ಮಧ್ಯಾಹ್ನದ ಹೊತ್ತಿಗೆ ಹಣೆಯ ಮೇಲಿನ ವಿಭೂತಿ ಯಾವುದು, ಜೋಳದ ಹಿಟ್ಟು ಯಾವುದು ಎಂದು ಹೇಳುವುದು ಕಷ್ಟವಾಗುತ್ತಿತ್ತು.

ಊರಿಗೆಲ್ಲ ಅವರು ಗಿರಣಿ ಕಾಕಾ, ಅವರ ಹೆಂಡತಿ ಕಾಕಿ. ಕಾಕಾನ ತಂದೆಯ ಕಾಲದಲ್ಲಿ ದಲಿತ ಕೇರಿಯ ಜನರ ಕಾಳಿನ ಡಬ್ಬಿಗಳು ಹೊರಗಿನ ಕಟ್ಟೆಯ ಮೇಲೆ ಕಾಯಬೇಕಿತ್ತಂತೆ. ಊರಿನವರದು ಮುಗಿದ ಮೇಲೆ ಅವರ ಪಾಳಿ. ತಂದೆ ತೀರಿಕೊಂಡ ಮೇಲೆ ಕಾಕಾ ಎಲ್ಲ ಡಬ್ಬಿಗಳನ್ನೂ ಒಂದೇ ಸಾಲಿನಲ್ಲಿ ಇಡಿಸಿದರು. ಕೆಲವು ಮನೆತನದವರು ಸಿಟ್ಟಾಗಿ ಪಕ್ಕದ ಊರಿನ ಗಿರಣಿಗೆ ಡಬ್ಬಿ ಹೊತ್ತರು. ಒಂದು ಮಳೆಗಾಲ ಎರಿಮಣ್ಣು ತುಳಿದ ಮೇಲೆ ತಾವಾಗಿಯೇ ತಿರುಗಿ ಬಂದರು. ಅದನ್ನು ಹೇಳುವಾಗ ಕಾಕಾನ ಮುಖದಲ್ಲಿ ದೊಡ್ಡ ಸುಧಾರಣೆ ಮಾಡಿದ ಭಾವವೇನೂ ಇರುತ್ತಿರಲಿಲ್ಲ. ಮಳೆ ತಮ್ಮ ಕಡೆ ಇತ್ತು ಎಂದು ನಗುತ್ತಿದ್ದರು.

ಅವರ ಜೀವವಿದ್ದದ್ದು ಪಕ್ಷದಲ್ಲಿ. ಹಳೆಯ ಪಕ್ಷ. ಅವರ ತಂದೆಯೂ ಅದರಲ್ಲೇ ಇದ್ದವರು. ಗಿರಣಿಯ ತಗಡಿನ ಮೇಲೆ ಅದರ ಧ್ವಜ ಮಳೆಗಾಲ ಬೇಸಿಗೆ ಎನ್ನದೆ ಹಾರುತ್ತಿತ್ತು. ಊರ ಘಟಕಕ್ಕೆ ಅವರೇ ಅಧ್ಯಕ್ಷರು. ಚುನಾವಣೆಯ ತಿಂಗಳು ಬಂತೆಂದರೆ ಹೊಸ ಪಕ್ಷದವನ ಅಂಗಡಿಯಲ್ಲಿ ಚಹಾ ಕುಡಿಯುವುದನ್ನು ನಿಲ್ಲಿಸುತ್ತಿದ್ದರು. ಮತ ಎಣಿಸಿದ ಮರುದಿನ ಮತ್ತೆ ಹೋಗಿ ಅದೇ ಬೆಂಚಿನ ಮೇಲೆ ಕೂಡುತ್ತಿದ್ದರು. ರಾಜ್ಯದಲ್ಲಿ ಅವರ ಪಕ್ಷ ಮೊದಲ ಸಲ ಅಧಿಕಾರ ಕಳೆದುಕೊಂಡಾಗ ದುಃಖದಿಂದ ಗಿರಣಿಯನ್ನೇ ಮುಚ್ಚಿದರು. ಊರ ಹೆಂಗಸರೆಲ್ಲ ಬಂದು, ಸರಕಾರ ಬಿದ್ದರೆ ರೊಟ್ಟಿ ಯಾಕೆ ನಿಲ್ಲಬೇಕೆಂದು ಬಾಯಿ ಮಾಡಿದ ಮೇಲೆ ತೆಗೆದರು.

ಕಾಕಿ ಯಾರಿಗೆ ಓಟು ಹಾಕುತ್ತಿದ್ದರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಕಾಕಾಗೂ. ಒಮ್ಮೆ ನಾನು ಚೇಷ್ಟೆಗೆ ಕೇಳಿದೆ, ಮನೆಯಲ್ಲೇ ಇರುವ ಓಟನ್ನು ಗಟ್ಟಿ ಮಾಡಿಕೊಳ್ಳಬಾರದೇ ಎಂದು. ಕಾಕಾ ನಾನು ಅಸಭ್ಯವಾದದ್ದೇನೋ ಹೇಳಿದೆನೆಂಬಂತೆ ನೋಡಿದರು.

“ಅದನ್ನ ಕೇಳಬಾರದ್ರಿ ಅಕ್ಕಾರ. ಆಕೀ ಓಟ ಆಕೀದು.”

ಕಾಕಿ ಒಳಗಿನಿಂದ, ಕೇಳಿದರೂ ತಾನೇನು ಹೇಳುವವಳಲ್ಲ ಎಂದರು.

ನಾನು ಧಾರವಾಡದಲ್ಲಿ ಓದುವಾಗ ತುರ್ತು ಪರಿಸ್ಥಿತಿಯ ದಿನಗಳನ್ನು ಕಂಡವಳು. ನಮ್ಮ ಕಾಲೇಜಿನ ಇಬ್ಬರು ಹುಡುಗರು ಜೈಲಿಗೆ ಹೋಗಿದ್ದರು. ಹಾಗಾಗಿ ಕಾಕಾನ ಪಕ್ಷನಿಷ್ಠೆ ನನಗೆ ಒಂದು ಬಗೆಯ ಒಗಟು. ಒಂದು ಮಧ್ಯಾಹ್ನ ಕರೆಂಟು ಹೋಗಿ ಗಿರಣಿ ನಿಂತಿತ್ತು. ನನ್ನ ಡಬ್ಬಿ ಅರ್ಧ ಬೀಸಿದ್ದು ಹಾಗೇ ಉಳಿದಿತ್ತು. ಕಾಯುತ್ತ ಕೂತಾಗ ಕೇಳಿಯೇಬಿಟ್ಟೆ. ಪ್ರಜಾಪ್ರಭುತ್ವದ ಬಾಯಿಗೆ ಬಟ್ಟೆ ತುರುಕಿದ ಪಕ್ಷದಲ್ಲಿ ನೀವು ಇನ್ನೂ ಹೇಗೆ ಇದ್ದೀರಿ ಎಂದು.

ಕಾಕಾ ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ. ಅವರು ಜರಡಿ ಬಡಿಯುತ್ತ ಒಂದು ಸಂಗತಿ ಹೇಳಿದರು. ಗುಡಗೇರಿ ಸಂತೆಯಲ್ಲಿ ಅರಳೆ ವ್ಯಾಪಾರ ಮಾಡುವ ಗೆಳೆಯನೊಬ್ಬ ಅವರಿಗಿದ್ದ. ವಿರೋಧ ಪಕ್ಷದವ. ಸಂತೆಯ ದಿನ ಏನೋ ಭಾಷಣ ಮಾಡಿದನೆಂದು ಅವನನ್ನು ಪೊಲೀಸರು ಹಿಡಿದೊಯ್ದರು. ಅದೇ ವಾರ ಊರ ಚಾವಡಿಯಲ್ಲಿ ಪಕ್ಷದ ಸಭೆ ಕೂಡಿತು. ಸರಕಾರ ಮಾಡುತ್ತಿರುವುದೆಲ್ಲ ಸರಿ ಎಂಬ ಠರಾವು ಓದಿದರು. ಯಾರದಾದರೂ ವಿರೋಧ ಇದೆಯೇ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಅವಿರೋಧವಾಗಿ ಪಾಸಾಯಿತು ಎಂದು ಬರೆದುಕೊಂಡರು.

“ಇಡೀ ಊರಾಗ ದೊಡ್ಡ ದನಿ ನಂದು,” ಎಂದರು ಕಾಕಾ. “ಆವತ್ತ ಬಾಯಿ ಬಿಡಲಿಲ್ಲ. ಪಕ್ಷ ಬಿಡೂದ ಬ್ಯಾರೆ ಮಾತ್ರಿ. ನಾ ಬಿಡೂದಿಲ್ಲ, ಅದು ನಮ್ಮ ಮನಿ ಇದ್ದಂಗ. ಆದ್ರ ಒಳಗ ಕುಂತು ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ.”

ಗೆಳೆಯ ಜೈಲಿನಲ್ಲಿದ್ದಷ್ಟು ಕಾಲವೂ ಕಾಕಾ ಅವನ ಮನೆಗೆ ಹಿಟ್ಟು ಬೀಸಿ ಕಳಿಸಿದರಂತೆ. ಹೊರಗೆ ಬಂದ ಮೇಲೆ ಗೆಳೆಯ ಅವರನ್ನು ಒಂದು ಮಾತೂ ಬೈಯಲಿಲ್ಲ. ಹೆಗಲ ಮೇಲೆ ಕೈ ಹಾಕಿ ಮೊದಲಿನಂತೆಯೇ ಮಾತಾಡಿದ. ಬೈದಿದ್ದರೆ ಹಗುರಾಗುತ್ತಿತ್ತು ಎಂದರು ಕಾಕಾ. ಅಷ್ಟರಲ್ಲಿ ಕರೆಂಟು ಬಂತು.

ಇದಾಗಿ ಕೆಲವು ವರ್ಷಗಳಿಗೆ, ಸುತ್ತಲಿನ ಊರುಗಳು ಸೇರಿದ ಮಂಡಲ ಪಂಚಾಯ್ತಿಗಳ ಚುನಾವಣೆ ಬಂತು. ಹೆಂಗಸರಿಗೆ ಸೀಟು ಮೀಸಲು ಇಟ್ಟದ್ದು ಹೊಸ ಸಂಗತಿ. ನಮ್ಮೂರ ಪಾಲಿಗೆ ಬಂದ ಸೀಟುಗಳಲ್ಲಿಯೂ ಒಂದು ಹೆಂಗಸರದು. ಆದರೆ ಊರಿನಲ್ಲಿ ಪಂಚಾಯ್ತಿಗೆಂದು ಮತ ಹಾಕುವ ರೂಢಿಯೇ ಇರಲಿಲ್ಲ. ಹಿರಿಯರು ಕೂಡಿ ಹೆಸರು ಹೇಳುತ್ತಿದ್ದರು, ಅಷ್ಟೇ ಜನ ನಾಮಪತ್ರ ಹಾಕುತ್ತಿದ್ದರು, ಅವಿರೋಧ ಆಯ್ಕೆ. ಜಗಳವಿಲ್ಲದ ಊರು ಎಂದು ಸುತ್ತಲಿನವರು ಹೊಗಳುತ್ತಿದ್ದರು. ಕಾಕಾಗೂ ಅದು ಹೆಮ್ಮೆಯ ವಿಷಯವೇ ಆಗಿತ್ತು.

ಆ ಸಲವೂ ಹಾಗೆಯೇ ಆಯಿತು. ಹಳೆಯ ಪಕ್ಷದ ಗೌಡರು, ಹೊಸ ಪಕ್ಷದ ಮುಖಂಡರು ಒಟ್ಟಿಗೆ ಕೂತು ಸೀಟು ಹಂಚಿಕೊಂಡರು. ಹೆಂಗಸರ ಸೀಟಿಗೆ ಗೌಡರ ಸೊಸೆ ಗಿರಿಜಾ ಎಂದಾಯಿತು. ಆಕೆಯನ್ನು ಯಾರೂ ಕೇಳಿರಲಿಲ್ಲ. ಮಾವ ಹೇಳಿದರು, ಗಂಡ ತೋರಿಸಿದ ಕಡೆ ಸಹಿ ಮಾಡಿದಳು. ಆದರೆ ಹಂಚಿಕೆಯ ಮಾತು ಮುಗಿಯುವ ಮೊದಲೇ ಹೊಸ ಪಕ್ಷದ ಪರವಾಗಿ ಇನ್ನೊಬ್ಬಳು ಅದೇ ಸೀಟಿಗೆ ನಾಮಪತ್ರ ಹಾಕಿಬಿಟ್ಟಿದ್ದಳು. ಆಕೆಯೇ ಸುಜಾತಾ. ಕೇರಿಯ ಬೌದ್ಧ ಮನೆತನದ ಸೊಸೆ, ಮ್ಯಾಟ್ರಿಕ್ ಪಾಸಾದವಳು. ಗಂಡ ರೇಲ್ವೆಯಲ್ಲಿ ಗ್ಯಾಂಗ್‌ಮನ್. ಆಕೆಯ ಪಕ್ಷದವರೇ ಈಗ ಆಕೆಗೆ ವಾಪಸ್ ತೆಗೆದುಕೋ ಎಂದರು. ಆಕೆ ಒಲ್ಲೆ ಎಂದಳು. ಗಿರಣಿ ಕಾಕಾನ ಮಾತನ್ನಾದರೂ ಕೇಳಿಯಾಳೆಂದು ಗೌಡರು ಕಾಕಾನನ್ನು ಕಳಿಸಿದರು. ಹೆಣ್ಣುಮಕ್ಕಳ ಜೊತೆಗಿನ ಮಾತು, ತಾವೂ ಬರ್ರಿ ಎಂದು ಕಾಕಾ ನನ್ನನ್ನು ಕರೆದುಕೊಂಡು ಹೋದರು.

ಸುಜಾತಾ ಅಂಗಳ ಸಾರಿಸುತ್ತಿದ್ದಳು. ಕೈ ತೊಳೆದು ಬಂದು ಚಾಪೆ ಹಾಸಿದಳು, ಚಹಾ ಮಾಡಿದಳು. ಕಾಕಾ ತಮಗೆ ಒಪ್ಪಿಸಿದ ಮಾತನ್ನೆಲ್ಲ ಹೇಳಿದರು. ಊರ ಮರ್ಯಾದೆ, ಒಗ್ಗಟ್ಟು, ಕೇರಿಗೆ ಬೇರೆ ಒಂದು ಸೀಟು ಕೊಟ್ಟೇ ಇದ್ದಾರೆ ಎಂಬುದು. ಆಕೆ ತಲೆ ತಗ್ಗಿಸಿಕೊಂಡು ಪೂರಾ ಕೇಳಿದಳು. ಆಮೇಲೆ ತಣ್ಣಗೆ ಹೇಳಿದಳು:

“ನಾ ಸೋಲ್ತೀನಿ ಅಂತ ನನಗೂ ಗೊತ್ತೈತ್ರಿ ಕಾಕಾ. ಸೋತಿ ಅಂತ ಊರ ಹೇಳಲಿ. ಊರ ಹೇಳೂಕಿಂತ ಮೊದಲ ಗೌಡ್ರು ಹೆಂಗ ಹೇಳ್ತಾರ?”

ಕಾಕಾ ಬಸಿಯಲ್ಲಿ ಉಳಿದ ಚಹಾ ಕುಡಿದರು. ಎದ್ದು ನಿಂತು, ಬರ್ತೀನವ್ವಾ ಎಂದರು. ಗಿರಣಿಯ ಹತ್ತಿರ ಬಂದಾಗ ನನ್ನನ್ನು ಕೇಳಿದರು, ಊರಲ್ಲಿ ಇಷ್ಟು ವರ್ಷ ಅವಿರೋಧ ಆಗಿದ್ದು ಎಲ್ಲರೂ ಒಪ್ಪಿದ್ದರಿಂದಲೋ, ಯಾರನ್ನೂ ಕೇಳದೆ ಇದ್ದದ್ದರಿಂದಲೋ ಎಂದು. ಉತ್ತರಕ್ಕೆ ಕಾಯದೆ ಸೀದಾ ಗೌಡರ ಮನೆಗೆ ನಡೆದರು.

ಅಲ್ಲಿ ನಡೆದ ಮಾತನ್ನು ನನಗೆ ಆಮೇಲೆ ಕಾಕಿ ಹೇಳಿದರು. ಕಾಕಾನ ಪಾಲಿನ ಮಾತು ಹೇಗೂ ಓಣಿಗೆಲ್ಲ ಕೇಳಿಸಿತ್ತು. ಆಕೆ ವಾಪಸ್ ತೆಗೆದುಕೊಳ್ಳುವುದಿಲ್ಲ, ತಾನಂತೂ ಇನ್ನೊಮ್ಮೆ ಕೇಳಲು ಹೋಗುವುದಿಲ್ಲ ಎಂದರಂತೆ. ಗೌಡರಿಗೆ ಸಿಟ್ಟು ಬಂದು, ನೀನು ಯಾವ ಪಕ್ಷದವ ಎಂದು ಕೇಳಿದರು.

“ನಿಮ್ಮ ಪಕ್ಷದಾಂವ. ನಾಳೆ ನಿಮ್ಮ ಸೊಸೀ ಸಲುವಾಗಿ ಮನಿ ಮನಿ ತಿರಗ್ತೀನಿ. ಆದ್ರ ತಿರಗಾಕ ಎದುರಿಗೆ ಒಬ್ರು ಬೇಕಲ್ರಿ? ಆವತ್ತ ಸರಕಾರದವರು ಜೈಲಿಗೆ ಹಾಕಿ ಬಾಯಿ ಮುಚ್ಚಿಸಿದ್ರು, ನಾವು ಚಾ ಕುಡಿಸಿ ಮುಚ್ಚಸಾಕತ್ತೇವಿ. ಒಮ್ಮೆ ಸುಮ್ಮ ಕುಂತೇನ್ರಿ ಗೌಡ್ರ. ಇನ್ನೊಮ್ಮೆ ಆಗೂದಿಲ್ಲ.”

ನಾಮಪತ್ರ ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ ಬಂತು, ಮಧ್ಯಾಹ್ನ ಮೂರು ಗಂಟೆಯವರೆಗೆ ಅವಕಾಶ. ಸುಜಾತಾಳನ್ನು ಜೀಪಿನಲ್ಲಿ ಕೂಡಿಸಿಕೊಂಡು ಹೋಗಿ ಸಹಿ ಮಾಡಿಸುತ್ತಾರೆ ಎಂದು ಊರಲ್ಲಿ ಗುಸುಗುಸು. ಆಕೆಯ ಗಂಡ ಡ್ಯೂಟಿಯ ಮೇಲಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಗಿರಣಿಗೆ ಬೀಗ. ಕಾಕಾ ಸುಜಾತಾಳ ಮನೆಯ ಕಟ್ಟೆಯ ಮೇಲೆ ತಲೆಗೆ ಪಟಕ ಸುತ್ತಿಕೊಂಡು ಕೂತಿದ್ದರು. ನಮ್ಮ ಶಾಲೆಯ ಕಿಟಕಿಯಿಂದ ಆ ಕಟ್ಟೆ ಕಾಣುತ್ತಿತ್ತು. ಆವತ್ತು ನಾನು ಪಾಠ ಮಾಡಿದೆನೋ ಕಿಟಕಿ ನೋಡಿದೆನೋ ನನಗೇ ಗೊತ್ತಿಲ್ಲ.

ಹೊತ್ತು ಏರಿದಂತೆ ಡಬ್ಬಿ ಹೊತ್ತ ಹೆಂಗಸರು ಒಬ್ಬೊಬ್ಬರಾಗಿ ಕಾಕಾನನ್ನು ಹುಡುಕಿಕೊಂಡು ಕೇರಿಗೆ ಬಂದರು. ಅದರಲ್ಲಿ ಕೆಲವರು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಮನೆಯಲ್ಲಿ ಹಿಟ್ಟಿಲ್ಲ, ಬಂದು ಗಿರಣಿ ತೆಗೆಯಿರಿ ಎಂದು ಗದರಿದರು. ಮೂರು ಗಂಟೆಯವರೆಗೆ ತೆಗೆಯುವುದಿಲ್ಲ ಎಂದರು ಕಾಕಾ. ಯಾಕೆ ಎಂದು ಕೇಳಿದವರಿಗೆ ಯಾಕೆಂದು ಹೇಳಿದರು, ಓಣಿಯ ಆ ತುದಿಗೂ ಕೇಳುವಂತೆ. ಬೈಯಲು ಬಂದವರು ಡಬ್ಬಿ ಇಳಿಸಿ ಅಲ್ಲೇ ಕೂತರು. ಸುಜಾತಾಳ ಅತ್ತೆ ನೀರು ತಂದು ಕೊಟ್ಟಳು. ಕೆಲವರು ಕುಡಿದರು, ಕೆಲವರು ಒಲ್ಲೆವೆಂದರು, ಆದರೆ ಯಾರೂ ಎದ್ದು ಹೋಗಲಿಲ್ಲ.

ಮಧ್ಯಾಹ್ನದ ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಜೀಪು ಬಂತು. ಗೌಡರ ಆಳು ಇಳಿದು ನೋಡಿದ. ಕಟ್ಟೆಯ ತುಂಬ ಹೆಂಗಸರು, ಡಬ್ಬಿಗಳು, ನಡುವೆ ಕಾಕಾ. ಇಲ್ಲೇನು ಮಾಡುತ್ತಿದ್ದೀರಿ ಎಂದು ಅವನು ಕೇಳಿದ್ದಕ್ಕೆ ಕಾಕಾ, ಚಾ ಕುಡಿಯಾಕ ಬಂದೇನಿ, ನೀನೂ ಕೂಡು ಎಂದರು. ಅವನು ಕೂಡಲಿಲ್ಲ. ಜೀಪನ್ನು ಆ ಸಂದಿಯಲ್ಲಿ ತಿರುಗಿಸಲು ಬಹಳ ಕಷ್ಟಪಟ್ಟ. ಹೆಂಗಸರೇ ಡಬ್ಬಿ ಸರಿಸಿ ದಾರಿ ಮಾಡಿಕೊಟ್ಟರು.

ಮೂರು ಗಂಟೆ ದಾಟಿದ್ದೇ ಕಾಕಾ ಎದ್ದು, ಧೋತರದ ಧೂಳು ಕೊಡವಿಕೊಂಡು, ಸುಜಾತಾಳ ಕಡೆ ತಿರುಗಿ ಹೇಳಿದ ಮಾತು ನಾಳೆಯಿಂದ ನಾನು ನಿನ್ನ ಎದುರು ಎಂಬುದು. ಹೇಳಿದಂತೆಯೇ ಮಾಡಿದರು. ಮರುದಿನದಿಂದ ಗಿರಿಜಾಳನ್ನು, ಆಕೆಯ ಗಂಡನನ್ನು ಕರೆದುಕೊಂಡು ಊರೆಲ್ಲ ತಿರುಗಿದರು. ಅಭ್ಯರ್ಥಿ ಮನೆಯೊಳಗೆ ಕೂತರೆ ಯಾರು ಓಟು ಹಾಕುತ್ತಾರೆ, ಆಕೆಯೇ ಬಂದು ಕೇಳಲಿ ಎಂದು ಗೌಡರ ಮನೆಯಲ್ಲಿ ಹಟ ಹಿಡಿದರು. ಎದುರಾಳಿ ಇದ್ದದ್ದರಿಂದ ಗೌಡರೂ ಒಪ್ಪಲೇಬೇಕಾಯಿತು. ಸೆರಗು ಬಿಗಿಹಿಡಿದು ನೆಲ ನೋಡುತ್ತ ಹೊರಟ ಗಿರಿಜಾ ಮೊದಲ ದಿನ ಬಾಯಿಯೇ ಬಿಡಲಿಲ್ಲ. ಮೂರ್ನಾಲ್ಕು ದಿನಗಳಲ್ಲಿ ತಾನೇ ಹೊಸ್ತಿಲಲ್ಲಿ ನಿಂತು ಹೆಂಗಸರ ಜೊತೆ ಮಾತಾಡತೊಡಗಿದಳು. ಕಾಕಾ ಸುಜಾತಾಳ ಮನೆಗೂ ಬಿಡದೆ ಹೋಗಿ ಆಕೆಯ ಅತ್ತೆಯನ್ನು ಓಟು ಕೇಳಿದರು. ಮುದುಕಿ ವಿಚಾರ ಮಾಡುತ್ತೇನೆ ಅಂದಳಂತೆ. ಕೇರಿಯೆಲ್ಲ ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕಿತು.

ಇಷ್ಟಾದರೂ ಗೌಡರ ಸಿಟ್ಟು ಇಳಿದಿರಲಿಲ್ಲ. ಮತದಾನಕ್ಕೆ ಮೊದಲೇ ತಾಲೂಕಿನಿಂದ ಯಾರೋ ಬಂದು ಕಾಕಾನನ್ನು ಅಧ್ಯಕ್ಷಗಿರಿಯಿಂದ ತೆಗೆದರು. ಪಕ್ಷಕ್ಕೆ ದ್ರೋಹ ಮಾಡಿದ್ದಾರೆ ಎಂಬುದು ಕಾರಣ. ಆ ಮಾತು ಅವರಿಗೆ ಬಹಳ ನಾಟಿತು. ಊಟದ ಹೊತ್ತಿನಲ್ಲಿ ತಾಟಿನ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದರೆಂದು ಕಾಕಿ ಹೇಳುತ್ತಿದ್ದರು. ನಾನು ಸಮಾಧಾನ ಹೇಳಲು ಹೋಗಿ, ಇಂಥ ಪಕ್ಷ ಯಾಕೆ ಬೇಕು, ಬಿಟ್ಟುಬಿಡಿ ಎಂದೆ. ಕಾಕಾ ಸಿಡುಕಿದರು. ಅಧ್ಯಕ್ಷಗಿರಿ ತಾಲೂಕಿನವರು ಕೊಟ್ಟದ್ದು, ಅದನ್ನು ಅವರು ಒಯ್ದರು. ಪಕ್ಷ ತನ್ನ ಅಪ್ಪ ಕೊಟ್ಟದ್ದು, ಅದನ್ನು ತೆಗೆಯಲು ಅವರಿಗೆ ಹಕ್ಕಿಲ್ಲ ಎಂದರು. ಮತದಾನದ ದಿನ ಹೊಸ ಅಧ್ಯಕ್ಷ ಬರುವ ಮೊದಲೇ ಹೋಗಿ ಪಕ್ಷದ ಚಪ್ಪರದ ಗೂಟ ಹುಗಿಯುತ್ತಿದ್ದರು.

ಆ ದಿನ ಶಾಲೆಯೇ ಮತಗಟ್ಟೆ. ಪಂಚಾಯ್ತಿಗೆ ಮತ ಹಾಕುವುದೆಂದರೆ ಹೇಗೆ ಎಂದು ನೋಡಲಿಕ್ಕೇ ಜನ ಬಂದಂತಿತ್ತು. ಕೇರಿಯ ಹೆಂಗಸರು, ಊರ ಹೆಂಗಸರು ಒಂದೇ ಸಾಲು. ಕಾಕಿ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದರು. ಹೊರಗೆ ಬಂದಾಗ ಬೆರಳಿನ ಮಸಿ ಒರೆಸಿಹೋಗದಂತೆ ಕೈಯನ್ನು ದೂರ ಹಿಡಿದುಕೊಂಡು ನಡೆದರು.

ಎಣಿಕೆಯಾದಾಗ ಸುಜಾತಾ ಗೆದ್ದಿದ್ದಳು. ಹೆಚ್ಚಿನ ಅಂತರವೇನೂ ಇಲ್ಲ, ಒಂದೆರಡು ಓಣಿಗಳ ಓಟು ಆ ಕಡೆ ಬಿದ್ದಿದ್ದರೆ ಫಲಿತಾಂಶವೇ ಬೇರೆ. ಊರ ಹೆಂಗಸರ ಓಟು ಆಕೆಗೆ ಬಿದ್ದಿದ್ದವೆಂಬುದು ಎಲ್ಲರಿಗೂ ಗೊತ್ತಾಯಿತು. ಯಾರವೆಂದು ಯಾರಿಗೂ ಗೊತ್ತಾಗಲಿಲ್ಲ. ಸಂಜೆ ನಾನು ಗಿರಣಿಗೆ ಹೋದರೆ ಕಾಕಾ ಕಾಳಿನ ಚೀಲಕ್ಕೆ ಆತು ಕೂತು ಅಳುತ್ತಿದ್ದರು. ನಾಚಿಕೆಯಿಲ್ಲದೆ, ದೊಡ್ಡ ದನಿಯಲ್ಲೇ. ಹಿಟ್ಟು ಮೆತ್ತಿದ ಕೆನ್ನೆಯ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು. ತಮ್ಮ ಊರಲ್ಲಿ ತಮ್ಮ ಪಕ್ಷ ಸೋತಿತು, ತಮ್ಮ ಕೈಯಿಂದಲೇ ಸೋತಿತು ಎಂಬುದೇ ಅವರ ದುಃಖ. ನೀವು ಮಾಡಿದ್ದು ತಪ್ಪಾಯಿತೆ ಹಾಗಾದರೆ ಎಂದು ಕೇಳಿದೆ.

“ತಪ್ಪಲ್ರಿ,” ಎಂದರು ಮೂಗು ಒರೆಸಿಕೊಂಡು. “ಸರಿ ಮಾಡಿದ್ರ ಅಳು ಬರಬಾರದಂತ ಎಲ್ಲೈತಿ?”

ಮರುದಿನ ಬೆಳಿಗ್ಗೆ ಅವರೇ ಸಕ್ಕರೆ ಹಿಡಿದುಕೊಂಡು ಸುಜಾತಾಳ ಮನೆಗೆ ಹೋದರು. ಆಕೆ ಕಾಲಿಗೆರಗಲು ಬಂದರೆ ತಡೆದು, ಗಿರಣಿಯ ಮುಂದಿನ ಗಟಾರು ತುಂಬಿ ನಾರುತ್ತಿದೆ, ಮೆಂಬರು ಅದನ್ನು ಮೊದಲು ನೋಡಬೇಕು ಎಂದರು. ಗಟಾರು ಕಟ್ಟಲು ಮಳೆಗಾಲ ಕಳೆಯಿತು. ಅಲ್ಲಿಯವರೆಗೆ ಆಕೆ ಹಿಟ್ಟಿಗೆ ಬಂದಾಗಲೆಲ್ಲ ಕಾಕಾ ನೆನಪಿಸದೆ ಬಿಟ್ಟದ್ದಿಲ್ಲ. ಸುಜಾತಾ ಒಂದು ಕೆಲಸವನ್ನಂತೂ ತಕ್ಷಣ ಮಾಡಿಸಿದಳು. ಪಂಚಾಯ್ತಿಯ ಸಭೆ ಬಾಗಿಲು ತೆರೆದೇ ನಡೆಯಬೇಕು, ಊರವರು ಹೊರಗೆ ಕೂತು ಕೇಳಬೇಕು. ಹೊರಗೆ ಮೊದಲು ಹೋಗಿ ಕೂಡುತ್ತಿದ್ದವರು ಕಾಕಾ. ಅವರು ಅಲ್ಲಿಂದ ಆಡುವ ಮಾತು ಒಳಗಿನವರ ಮಾತಿಗಿಂತ ಚೆನ್ನಾಗಿ ಕೇಳಿಸುತ್ತದೆಂದು ಗೌಡರು ತಕರಾರು ಮಾಡಿದರಂತೆ. ತಕರಾರನ್ನು ಮತಕ್ಕೆ ಹಾಕಿದರು, ಬಿದ್ದುಹೋಯಿತು.

ಮುಂದಿನ ವರ್ಷ ನನಗೆ ನವಲಗುಂದದ ಕಡೆ ವರ್ಗವಾಯಿತು. ಊರು ಬಿಡುವ ಹಿಂದಿನ ದಿನ ಕೊನೆಯ ಸಲ ಹಿಟ್ಟು ಬೀಸಿಸಲು ಹೋಗಿದ್ದೆ. ಸುಜಾತಾ ನನ್ನ ಮುಂದಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಗಿರಿಜಾ ಬಂದು ನಿಂತಳು. ಗೌಡರ ಮನೆಯಿಂದ ಯಾವಾಗಲೂ ಆಳು ಬರುತ್ತಿದ್ದ. ಆ ಮನೆಯ ಸೊಸೆ ಸ್ವತಃ ಡಬ್ಬಿ ಹಿಡಿದು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರ ಹಿಂದೆ ಡಬ್ಬಿ ಇಳಿಸಿ, ಕಾಕಾನ ಹತ್ತಿರ ಹೋಗಿ ಏನೋ ಅಂದಳು. ಗಿರಣಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಕೈ ಒರೆಸಿಕೊಂಡು ಸ್ವಿಚ್ಚು ಆರಿಸಿದರು. ಬೆಲ್ಟು ಪಟಪಟ ಬಡಿದು, ಕಲ್ಲು ನಿಧಾನವಾಗಿ ನಿಂತಿತು.

“ಈಗ ಹೇಳವ್ವಾ,” ಎಂದರು.

ಗಿರಿಜಾ ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಈ ಊರಿನ ಓಣಿಗಳನ್ನು ಓಟು ಕೇಳಲು ಹೊರಟಾಗಲೇ ತಾನು ಕಂಡದ್ದು ಎಂದಳು. ಆಮೇಲೆ ಸೆರಗು ಸರಿಪಡಿಸಿಕೊಂಡು,

“ಹ್ವಾದ ಸಲ ನನ್ನ ನಿಲ್ಲಿಸಿದ್ರು ಕಾಕಾ. ಮುಂದಿನ ಸಲ ನಾ ನಿಲ್ತೀನಿ,” ಎಂದಳು.

ಸುಜಾತಾ ತನ್ನ ಡಬ್ಬಿಯ ಮುಚ್ಚಳ ತೆಗೆಯುತ್ತ, “ನಿಲ್ರಿ ಅಕ್ಕಾ. ನಾನೂ ನಿಲ್ತೀನಿ,” ಎಂದಳು.

ಕಾಕಾ ಇಬ್ಬರನ್ನೂ ನೋಡಿದರು. ಬಿಳಿ ಮೀಸೆಯ ಕೆಳಗೆ ನಗು ಹರಡಿತು. ಸುಜಾತಾಳ ಕಡೆ ತಿರುಗಿ, ಆಗ ತಾನು ಯಾರ ಕಡೆ ಇರುತ್ತೇನೆಂದು ಆಕೆಗೆ ಗೊತ್ತಿದೆಯಲ್ಲ ಎಂದು ಕೇಳಿದರು.

“ಗೊತ್ತೈತ್ರಿ,” ಎಂದಳು ಸುಜಾತಾ. “ಮೊದಲ ಜ್ವಾಳ ಹಾಕ್ರಿ.”